ಐದು ಡಿಗ್ರಿ ಎಂದು ಬರೆದವಳು

ಸೂಜಿಯಕ್ಕನ ನಿಜವಾದ ಹೆಸರು ಪ್ರಾಣಿ ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಆ ಹೆಸರು ಹೇಳಿ ಕೇಳಿದರೆ ನಮ್ಮ ಬೀದಿಯಲ್ಲಿ ಯಾರೂ ಮನೆ ತೋರಿಸುತ್ತಿರಲಿಲ್ಲ. ಸೂಜಿಯಕ್ಕ ಎಂದರೆ ಸಾಕು, ದರ್ಜಿ ಅಂಗಡಿಯ ಮೇಲಿನ ಮನೆಯತ್ತ ಎಲ್ಲರ ಕೈಯೂ ಏಳುತ್ತಿತ್ತು. ದರ್ಜಿ ಅವಳ ಗಂಡ. ಅವನ ಕೈಯಲ್ಲೂ ಸೂಜಿ, ಇವಳ ಕೈಯಲ್ಲೂ ಸೂಜಿ, ಆ ಮನೆಯಲ್ಲಿ ಜಗಳ ಆದರೆ ಬಿಡಿಸಲು ಯಾರೂ ನಡುವೆ ಹೋಗಬಾರದು ಎಂದು ಬೇಕರಿಯ ಯಜಮಾನಿ ನಗುತ್ತಿದ್ದಳು. ಅವರ ಜಗಳವನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ. ಮಕ್ಕಳೂ ಇರಲಿಲ್ಲ.

ಆಸ್ಪತ್ರೆ ಇದ್ದದ್ದು ಬೀದಿಯ ಕೊನೆಯಲ್ಲಿ. ಎರಡು ಕೋಣೆ, ಒಂದು ಜಗಲಿ. ಮುಂದಿನ ಕೋಣೆಯಲ್ಲಿ ಡಾಕ್ಟರ ಮೇಜು, ತಗಡು ಹೊದಿಸಿದ ಇನ್ನೊಂದು ಎತ್ತರದ ಮೇಜು. ಹಿಂದಿನ ಕೋಣೆಯಲ್ಲಿ ಲಸಿಕೆ ಇಡುವ ಫ್ರಿಜ್ಜು, ಅದರ ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿದ ಉದ್ದನೆಯ ಪುಸ್ತಕ. ಬೆಳಿಗ್ಗೆ ಬಂದ ಕೂಡಲೇ ಒಮ್ಮೆ, ಸಂಜೆ ಬಾಗಿಲು ಹಾಕುವ ಮೊದಲು ಒಮ್ಮೆ ಫ್ರಿಜ್ಜಿನೊಳಗಿನ ಥರ್ಮಾಮೀಟರ್ ನೋಡಿ ಆ ಪುಸ್ತಕದಲ್ಲಿ ಎಷ್ಟಿದೆ ಎಂದು ಬರೆಯಬೇಕು. ಎರಡಕ್ಕಿಂತ ಕೆಳಗಿಳಿಯಬಾರದು, ಎಂಟಕ್ಕಿಂತ ಮೇಲೇರಬಾರದು. ಇಪ್ಪತ್ತಾರು ವರ್ಷ ಸೂಜಿಯಕ್ಕ ಅದನ್ನು ಬರೆದಿದ್ದಳು. ಅಷ್ಟರಲ್ಲಿ ಏಳು ಮಂದಿ ಡಾಕ್ಟರು ಬಂದು ಹೋಗಿದ್ದರು.

ಅವಳ ಕೆಲಸ ಹೆಸರಿಗೆ ಆಸ್ಪತ್ರೆಯೊಳಗಿನದು, ಆದರೆ ಅರ್ಧ ದಿನ ಬೀದಿಯಲ್ಲೇ. ಐಸ್ ತುಂಬಿದ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಮನೆ ಮನೆ ಹತ್ತಿಳಿಯುತ್ತಿದ್ದಳು. ಡಬ್ಬಿಗೆ ಬಿಸಿಲು ತಾಗದಂತೆ ಗಂಡ ದಪ್ಪ ಕೋಟಿನ ಬಟ್ಟೆಯಲ್ಲಿ ಕವಚ ಹೊಲಿದು ಕೊಟ್ಟಿದ್ದ. ಮರಿ ತಂದವರ ಮನೆ ಅವಳಿಗೆ ಹೇಗೆ ಗೊತ್ತಾಗುತ್ತಿತ್ತೋ, ವಾರದೊಳಗೆ ಬಾಗಿಲಲ್ಲಿ ಹಾಜರು. ಮರಿಯ ಒಸಡು ಎತ್ತಿ ನೋಡುವಳು, ಕಿವಿ ಮೂಸುವಳು, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕುವಳು, ಹೊಟ್ಟೆ ಒತ್ತಿ ಜಂತುಹುಳ ಇದೆ ಎನ್ನುವಳು. ಆಮೇಲೆ ನಾಯಿಯಾದರೆ ಹಳದಿ ಕಾರ್ಡು, ಬೆಕ್ಕಾದರೆ ನೀಲಿ ಕಾರ್ಡು. ಮೊದಲನೆಯ ಸೂಜಿ ಎಂದು, ಎರಡನೆಯದು ಎಂದು, ಹುಚ್ಚು ಬಾರದಿರಲು ಹಾಕುವ ಸೂಜಿ ಎಂದು, ಎಲ್ಲದರ ತಾರೀಖೂ ದುಂಡು ಅಕ್ಷರದಲ್ಲಿ.

ಜನ ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಚೆನ್ನಾಗಿ ಓಡಾಡಿಕೊಂಡಿರುವ ಪ್ರಾಣಿಗೆ ಸೂಜಿ ಏಕೆ ಎಂಬುದೇ ಎಲ್ಲರ ಪ್ರಶ್ನೆ. ನಾಯಿಗೆ ಡಿಸ್ಟೆಂಪರ್ ಎಂಬ ಮಾರಕ ರೋಗ ಬರುತ್ತದೆ ಎಂದರೆ, ಅದು ಗೋಡೆಗೆ ಬಳಿಯುವ ಬಣ್ಣವಲ್ಲವೇ, ನಾಯಿಗೂ ಬಳಿಯುತ್ತೀರಾ ಎಂದು ಇಸ್ತ್ರಿಯವನು ಪ್ರತಿ ವರ್ಷ ಅದೇ ತಮಾಷೆ ಮಾಡುತ್ತಿದ್ದ, ಅವಳು ಪ್ರತಿ ವರ್ಷ ಹೊಸದಾಗಿ ಕೇಳಿದವಳಂತೆ ನಗುತ್ತಿದ್ದಳು. ನಕ್ಕು ಮುಗಿದ ಮೇಲೆ ಹೇಳುತ್ತಿದ್ದದ್ದು ಒಂದೇ ಮಾತು:

"ಕಾಯಿಲೆ ಬಂದಮೇಲೆ ಕರ್ಕೊಂಡು ಬಂದ್ರೆ ನಾನೇನು ಮಾಡ್ಲಿ? ಪಕ್ಕದಲ್ಲಿ ಕೂತು ಅಳಬಹುದು, ಅಷ್ಟೆ."

ಎಲ್ಲರಿಗಿಂತ ಹೆಚ್ಚು ಸತಾಯಿಸಿದವರು ಮೇಷ್ಟ್ರು. ಶಾಲೆಯಿಂದ ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು. ಪ್ರಕೃತಿಯೇ ಪ್ರಾಣಿಗಳನ್ನು ಕಾಯುತ್ತದೆ ಎಂಬುದು ಅವರ ವಾದ. ಮೂರು ವರ್ಷ ಅವಳನ್ನು ಜಗಲಿಯಲ್ಲಿ ಕೂರಿಸಿಕೊಂಡು, ಟೀ ಕೊಟ್ಟು, ವಾದ ಮಾಡಿ, ಬರಿಗೈಯಲ್ಲಿ ಕಳಿಸಿದ್ದರು. ನಾಲ್ಕನೆಯ ವರ್ಷ ಅವರ ನಾಯಿ ರಕ್ತಭೇದಿಯಾಗಿ ಎರಡೇ ದಿನದಲ್ಲಿ ಸತ್ತಿತು. ವರ್ಷ ಕಳೆದ ಮೇಲೆ ಒಂದು ಕಂದು ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಅವರೇ ಆಸ್ಪತ್ರೆಗೆ ಬಂದರು. ಅದಕ್ಕೆ ಸಿಪಾಯಿ ಎಂದು ಹೆಸರಿಟ್ಟಿದ್ದರು, ಮೊದಲ ಸೂಜಿಗೆ ಅದು ಇನ್ನೂ ಎಳೆಯದು. ಇನ್ನು ಮುಂದೆ ನೀನು ಹೇಳಿದ ಹಾಗೆ ಎಂದು ಅವಳ ಮುಂದೆ ನಿಂತರಂತೆ. ಅವತ್ತಿನಿಂದ ಅವರೇ ಅವಳ ದೊಡ್ಡ ಬಲ. ಲಸಿಕೆ ಹಾಕಿಸದವರ ಮನೆಗೆ ಹೋಗಿ ಮಕ್ಕಳಿಗೆ ಬೈದ ಹಾಗೆ ಬೈದು ಬರುತ್ತಿದ್ದರು. ನಾನು ನಮ್ಮ ಬೆಕ್ಕನ್ನು ದಿಂಬಿನ ಚೀಲದಲ್ಲಿ ತುಂಬಿಕೊಂಡು, ಕೈಯೆಲ್ಲ ಪರಚಿಸಿಕೊಂಡು ಮೊದಲ ಸಲ ಆಸ್ಪತ್ರೆಗೆ ಹೋದದ್ದು ಅವರ ಬೈಗುಳಕ್ಕೆ ಹೆದರಿಯೇ.

ಸಿಪಾಯಿ ಬಂದ ಆ ವರ್ಷವೇ ಬೇಸಿಗೆಯಲ್ಲಿ ದೊಡ್ಡ ಲಸಿಕೆ ಶಿಬಿರ ಎಂದು ಗೊತ್ತಾಗಿತ್ತು. ಮೇಲಧಿಕಾರಿಗಳು ಬರುವವರಿದ್ದರು. ಅದಕ್ಕೆಂದು ಆಸ್ಪತ್ರೆಯ ಗೋಡೆಗೆ ಬಣ್ಣ ಹೊಡೆಸಲು ಹೊರಟರು. ನಾಲ್ಕು ದಿನ ಸಾಲು ರಜೆ, ಆಗಲೇ ಕೆಲಸ ಮುಗಿಯಲಿ ಎಂದರು ಡಾಕ್ಟರು. ರಜೆ ಇದ್ದರೂ ದಿನಕ್ಕೆರಡು ಸಲ ಬಂದು ಫ್ರಿಜ್ಜು ನೋಡುವುದು ಸೂಜಿಯಕ್ಕನ ರೂಢಿ. ಆದರೆ ಆಗಲೇ ಗಂಡನ ಅಕ್ಕನಿಗೆ ಸೊಂಟ ಮುರಿದು, ಇಬ್ಬರೂ ಬೇರೆ ಊರಿಗೆ ಹೋಗಬೇಕಾಗಿ ಬಂತು. ಡಾಕ್ಟರು, ನೀವು ಹೋಗಿ ಬನ್ನಿ, ನಾನು ನೋಡಿಕೊಳ್ಳುತ್ತೇನೆ, ಕೀಲಿಯನ್ನು ಬಣ್ಣದವರಿಗೆ ಕೊಟ್ಟು ಹೋಗಿ ಎಂದರು. ಅವಳು ಕೊಟ್ಟು ಹೋದಳು.

ಐದನೆಯ ದಿನ ಬೆಳಿಗ್ಗೆ ಬಂದು ಹಿಂದಿನ ಕೋಣೆಯ ಬಾಗಿಲು ತೆರೆದಾಗ ಗೋಡೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಫ್ರಿಜ್ಜಿನ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಅದರ ಜಾಗದಲ್ಲಿ ಬಣ್ಣದವರ ದೀಪದ ತಂತಿ ಸಿಕ್ಕಿಸಿತ್ತು. ಫ್ರಿಜ್ಜಿನ ಕೆಳಗೆ ನೀರು ಹರಿದು ಒಣಗಿದ ಕಲೆ. ಬಾಗಿಲು ತೆಗೆದರೆ ಒಳಗಿನಿಂದ ಬಿಸಿ ಗಾಳಿ. ಥರ್ಮಾಮೀಟರ್ ಮೂವತ್ನಾಲ್ಕು ತೋರಿಸುತ್ತಿತ್ತು. ಶಿಬಿರಕ್ಕೆಂದು ಹಿಂದಿನ ವಾರವಷ್ಟೇ ಬಂದಿದ್ದ ಡಿಸ್ಟೆಂಪರ್ ಲಸಿಕೆಯ ಪೆಟ್ಟಿಗೆಗಳು ಅಲ್ಲೇ ಜೋಡಿಸಿಟ್ಟಂತೆ ಇದ್ದವು.

ಅವಳು ಮೊದಲು ಪ್ಲಗ್ಗು ಸಿಕ್ಕಿಸಿ, ಆಮೇಲೆ ಡಾಕ್ಟರ ಬಳಿ ಓಡಿದಳು. ಡಾಕ್ಟರು ಕೆಟ್ಟವರಲ್ಲ, ಅದನ್ನು ಅವಳೂ ಬೀದಿ ಬಿಡುವವರೆಗೆ ಹೇಳುತ್ತಿದ್ದಳು. ನಲವತ್ತರ ಆಸುಪಾಸಿನ ಮನುಷ್ಯ, ಪ್ರಾಣಿಗಳ ಮೈಮುಟ್ಟಿದರೆ ಮೆತ್ತಗಿನ ಕೈ. ಆದರೆ ಬಡ್ತಿಯ ಕಾಗದ ಮೇಲಿನವರ ಮೇಜಿನ ಮೇಲಿತ್ತು, ಶಿಬಿರಕ್ಕೆ ನಾಲ್ಕೇ ದಿನ ಉಳಿದಿತ್ತು, ಬೇರೆ ಲಸಿಕೆ ಬರಲು ತಿಂಗಳ ಮೇಲಾಗುತ್ತಿತ್ತು. ನಾಲ್ಕು ದಿನ ಒಮ್ಮೆಯೂ ಬಂದು ನೋಡಿರಲಿಲ್ಲ ಎಂಬುದು ಅವರ ಮುಖದಲ್ಲೇ ಇತ್ತು. ಅವರು ಒಳಗೆ ಬಂದು ಒಂದು ಸೀಸೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ಪುಡಿಯ ರೂಪದ ಲಸಿಕೆ ಅಷ್ಟು ಬೇಗ ಕೆಡುವುದಿಲ್ಲ ಎಂದರು. ಕರೆಂಟು ಹೋಗಿ ಬಂದು ಮಾಡುವುದು ಎಲ್ಲ ಕಡೆಯೂ ಇದ್ದದ್ದೇ ಎಂದರು. ಕೊನೆಗೆ ಪುಸ್ತಕದ ಕಡೆ ನೋಡಿದರು.

"ನಾಲ್ಕು ದಿನದ್ದು ಖಾಲಿ ಬಿಡಬೇಡಿ. ಐದು ಅಂತ ಬರೀರಿ."

"ಮೂವತ್ನಾಲ್ಕು ಇತ್ತು ಸಾರ್."

"ಮೂವತ್ನಾಲ್ಕು ಅಂತ ಬರೆದ್ರೆ ಬಣ್ಣದವರಿಗೆ ಕೀಲಿ ಕೊಟ್ಟೋರು ಯಾರು ಅಂತ ಕೇಳ್ತಾರೆ. ಯಾರು ಕೊಟ್ಟಿದ್ದು?"

ಅವಳು ಬರೆದಳು. ನಾಲ್ಕು ಬೆಳಿಗ್ಗೆ, ನಾಲ್ಕು ಸಂಜೆ, ಎಂಟು ಐದುಗಳು. ಮೊದಲು ಹಿಡಿದ ಪೆನ್ನು ಬರೆಯಲಿಲ್ಲ, ಇನ್ನೊಂದು ಹುಡುಕಿ ತಂದು ಬರೆದೆ, ಹುಡುಕುವಾಗಲಾದರೂ ಬೇಡ ಅನ್ನಿಸಬಾರದಿತ್ತೇ ಎಂದು ಎಷ್ಟೋ ದಿನಗಳ ಮೇಲೆ ನನ್ನ ಬಳಿ ಹೇಳಿದಳು. ಸಂಜೆ ಮನೆಗೆ ಹೋಗಿ ಗಂಡನಿಗೆ ಎಲ್ಲವನ್ನೂ ಹೇಳಿದಾಗ ಅವನು ಹೊಲಿಗೆ ಯಂತ್ರದಿಂದ ಕಾಲು ತೆಗೆದು, ಆ ಔಷಧಿ ಚುಚ್ಚಬೇಡ ಎಂದನಂತೆ. ಚುಚ್ಚದಿದ್ದರೆ ಕೆಲಸ ಹೋಗುತ್ತದೆ, ಹೊಸ ಲಸಿಕೆ ಬಂದ ತಕ್ಷಣ ಮತ್ತೊಂದು ಸುತ್ತು ಹಾಕಿಬಿಡುತ್ತೇನೆ, ಹೆಚ್ಚುವರಿ ಸೂಜಿ ಎಂದರೆ ಜನ ಒಪ್ಪುತ್ತಾರೆ ಎಂದು ಅವಳು ಲೆಕ್ಕ ಹಾಕಿದ್ದಳು. ಆ ಲೆಕ್ಕವನ್ನು ನಂಬಿಕೊಂಡೇ ಶಿಬಿರದ ದಿನ ಅರವತ್ತಮೂರು ನಾಯಿಗಳಿಗೆ ಸೂಜಿ ಹಾಕಿದಳು. ಅವುಗಳಲ್ಲಿ ಹತ್ತೊಂಬತ್ತು, ಇದೇ ಮೊದಲ ಲಸಿಕೆ ಪಡೆಯುತ್ತಿದ್ದ ನಾಯಿಮರಿಗಳು. ಆ ಮರಿಗಳಲ್ಲಿ ಮೇಷ್ಟ್ರ ಸಿಪಾಯಿ ಸಾಲಿನಲ್ಲಿ ಮೊದಲನೆಯದು. ಮೂರು ವಾರ ಬಿಟ್ಟು ಎರಡನೆಯ ಸೂಜಿಯೂ ಅದೇ ಪೆಟ್ಟಿಗೆಯದು, ಏಕೆಂದರೆ ಹೊಸ ಲಸಿಕೆ ಬರಲಿಲ್ಲ. ಅವಳು ಮೂರು ಸಲ ಬರೆದು ಕೇಳಿದಳು. ಬರುತ್ತದೆ ಎಂದರು.

ಎಂಟನೆಯ ವಾರಕ್ಕೆ ಬೇಕರಿಯ ಮರಿಗೆ ಕಣ್ಣಲ್ಲಿ ಪಿಸುರು ಕಟ್ಟಿತು. ನೆಗಡಿ ಇರಬೇಕು ಎಂದು ಬೇಕರಿಯ ಯಜಮಾನಿ ಎತ್ತಿಕೊಂಡು ಬಂದಾಗ ನಾನು ಅಲ್ಲೇ ಜಗಲಿಯಲ್ಲಿದ್ದೆ. ಸೂಜಿಯಕ್ಕ ಮರಿಯ ಮೂಗು ನೋಡಿದಳು, ಕೆಮ್ಮು ಕೇಳಿದಳು, ಕಾಲನ್ನು ಮಗುಚಿ ಅಂಗಾಲು ಮುಟ್ಟಿದಳು. ಅಂಗಾಲು ಒರಟಾಗಿ ಗಟ್ಟಿಯಾಗಿತ್ತು, ಡಿಸ್ಟೆಂಪರಿನ ಗುರುತು ಅದು ಎಂದು ನನಗೆ ಆಮೇಲೆ ತಿಳಿಯಿತು. ಅವಳು ಒಳಗೆ ಹೋಗಿ, ಎಷ್ಟೋ ಹೊತ್ತು ನಲ್ಲಿ ಬಿಟ್ಟುಕೊಂಡು ಕೈ ತೊಳೆಯುತ್ತಲೇ ಇದ್ದಳು. ಹತ್ತು ದಿನದಲ್ಲಿ ಆ ಮರಿಯ ದವಡೆ ತನ್ನಷ್ಟಕ್ಕೆ ಜಗಿಯತೊಡಗಿತು, ಬಾಯಲ್ಲಿ ಏನೂ ಇಲ್ಲದೆ. ಆಮೇಲೆ ಸೆಳೆತ. ಆಮೇಲೆ ಇನ್ನೊಂದು ಮನೆ, ಮತ್ತೊಂದು ಮನೆ. ಹಿಂದಿನ ವರ್ಷಗಳಲ್ಲಿ ಸರಿಯಾದ ಸೂಜಿ ಪಡೆದಿದ್ದ ದೊಡ್ಡ ನಾಯಿಗಳು ತಡೆದುಕೊಂಡವು. ಹತ್ತೊಂಬತ್ತು ಮರಿಗಳಲ್ಲಿ ಹನ್ನೊಂದು ಹೋದವು.

ಸಿಪಾಯಿ ಕೊನೆಯವರಲ್ಲಿ ಒಬ್ಬ. ಮೇಷ್ಟ್ರು ಅದನ್ನು ತಗಡಿನ ಮೇಜಿನ ಮೇಲೆ ಮಲಗಿಸಿ, ಜೇಬಿನಿಂದ ಹಳದಿ ಕಾರ್ಡು ತೆಗೆದು ಬಿಡಿಸಿ ಹಿಡಿದರು. ಕಾರ್ಡಿನ ಮಡಿಕೆ ಕೂಡ ಸವೆದಿರಲಿಲ್ಲ, ಅಷ್ಟು ಜೋಪಾನ. ಅವರು ಡಾಕ್ಟರನ್ನು ನೋಡಲಿಲ್ಲ, ಅವಳನ್ನೇ ನೋಡಿದರು.

"ಒಂದು ತಾರೀಖೂ ತಪ್ಪಿಸಿಲ್ಲಮ್ಮ ನಾನು. ಎಲ್ಲಿ ತಪ್ಪಾಯ್ತು ಅಂತ ಹೇಳು, ಮುಂದೆ ನೆನಪಿಟ್ಕೊಳ್ತೀನಿ."

"ತಪ್ಪು ನಿಮ್ಮದಲ್ಲ ಮೇಷ್ಟ್ರೇ," ಎಂದಳು ಅವಳು. "ಔಷಧಿ ಕೆಟ್ಟಿತ್ತು. ಗೊತ್ತಿದ್ದೂ ಚುಚ್ಚಿದೆ."

ಡಾಕ್ಟರು ತಲೆ ಎತ್ತಿದರು. ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳು ಆಮೇಲೆ ಅಂದುಕೊಂಡಳಂತೆ. ಅವರು ಕಾರ್ಡನ್ನು ಮೊದಲಿದ್ದ ಹಾಗೆಯೇ ಮಡಿಸಿ ಮೇಜಿನ ತುದಿಯಲ್ಲಿಟ್ಟು, ನಡುಗುತ್ತಿದ್ದ ನಾಯಿಯನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಹೊರಟರು. ಅದು ಮರುದಿನ ಮಧ್ಯಾಹ್ನದವರೆಗೆ ಇತ್ತು. ಮೇಷ್ಟ್ರು ಅದರ ನಂತರ ಬದುಕಿದ್ದಷ್ಟು ದಿನವೂ ಅವಳೊಡನೆ ಮಾತಾಡಲಿಲ್ಲ. ಎದುರಿಗೆ ಸಿಕ್ಕರೆ ದಾರಿ ಬಿಡುತ್ತಿದ್ದರು, ಅಷ್ಟೇ.

ಒಮ್ಮೆ ಬಾಯಿ ಬಿಟ್ಟ ಮೇಲೆ ಅವಳು ಮುಚ್ಚಿಕೊಳ್ಳಲಿಲ್ಲ. ಉಳಿದ ಪ್ರಾಣಿಗಳಿಗಾದರೂ ಒಳ್ಳೆಯ ಲಸಿಕೆ ಹಾಕಬೇಕಲ್ಲ ಎಂದು ಮನೆ ಮನೆಗೆ ಹೋಗಿ ನಡೆದದ್ದನ್ನು ಹೇಳಿದಳು. ಮೇಲಿನವರಿಗೆ ಕಾಗದ ಬರೆದಳು. ವಿಚಾರಣೆಗೆ ಇಬ್ಬರು ಅಧಿಕಾರಿಗಳು ಬಂದರು. ಅವರು ಮೊಳೆಯಿಂದ ಪುಸ್ತಕ ಬಿಡಿಸಿ ನೋಡಿದರು. ಐದು, ಐದು, ಐದು. ಬಣ್ಣದವರನ್ನು ಕರೆಸಿದರು. ಅವರು ಪ್ಲಗ್ಗು ಮುಟ್ಟಿಯೇ ಇಲ್ಲ ಎಂದರು. ಡಾಕ್ಟರು ತಾವು ಪ್ರತಿದಿನ ಬಂದು ನೋಡಿದ್ದಾಗಿ, ಆ ಅಂಕಿಗಳನ್ನೇ ಅವಳು ಆಮೇಲೆ ಬರೆದದ್ದಾಗಿ ಹೇಳಿದರು. ಸುಳ್ಳು ಬರೆದವಳು ನಾನೇ, ಇದು ನನ್ನದೇ ಅಕ್ಷರ ಎಂದು ಅವಳು ಹೇಳಿದಾಗ ಇಬ್ಬರಲ್ಲಿ ಹಿರಿಯರು ಕನ್ನಡಕ ತೆಗೆದು, ಸಮಾಧಾನದಿಂದಲೇ ಕೇಳಿದರು:

"ಸುಳ್ಳು ಬರೆದಿದ್ದೀನಿ ಅಂತ ನೀವೇ ಹೇಳ್ತಿದ್ದೀರಿ. ಈಗ ಹೇಳ್ತಿರೋದನ್ನ ಹೇಗಮ್ಮ ನಂಬೋದು?"

ದಾಖಲೆ ಸರಿಯಿದೆ, ಸಾಕಿದವರ ಅಲಕ್ಷ್ಯದಿಂದ ರೋಗ ಹರಡಿದೆ ಎಂದು ಅವರು ಬರೆದುಕೊಂಡು ಹೋದರು. ಡಾಕ್ಟರಿಗೆ ಬಡ್ತಿ ಬಂತು. ಹೋಗುವ ದಿನ ಹಿಂದಿನ ಕೋಣೆಗೆ ಬಂದು ಫ್ರಿಜ್ಜಿನ ಪಕ್ಕ ನಿಂತು, "ನಾನು ಅವತ್ತು..." ಎಂದು ಶುರು ಮಾಡಿದರಂತೆ. ಕೈಯಲ್ಲಿದ್ದ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ನಡೆದುಬಿಟ್ಟರು.

ನಂಬಬೇಕಾದವರು ನಂಬಲಿಲ್ಲ. ನಮ್ಮ ಬೀದಿ ಮಾತ್ರ ಒಂದೇ ಮಾತಿಗೆ ನಂಬಿತು. ಡಾಕ್ಟರ ಮೇಲೆ ಯಾರಿಗೂ ಅಷ್ಟು ಸಿಟ್ಟು ಬರಲಿಲ್ಲ, ಅವರು ಹೊರಗಿನವರು. ಇವಳು ನಮ್ಮವಳು, ನಮ್ಮ ಮನೆಗಳ ಚಹಾ ಕುಡಿದವಳು. ಹೊಸ ಲಸಿಕೆ ಬಂದದ್ದು ಆಗಲೇ, ಎಲ್ಲ ಮುಗಿದ ಮೇಲೆ. ಅವಳು ಡಬ್ಬಿ ಹೆಗಲಿಗೇರಿಸಿ ಹೊರಟರೆ ಬಾಗಿಲುಗಳು ತೆರೆಯಲಿಲ್ಲ. ಕೆಲವರು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ನನ್ನಂಥವರು ಅಷ್ಟು ಧೈರ್ಯವೂ ಇಲ್ಲದವರು. ಅವಳು ನಮ್ಮ ಮನೆಗೆ ಬಂದಾಗ ನಾನು ಬಾಗಿಲನ್ನು ಅರ್ಧ ತೆರೆದು, ಬೆಕ್ಕು ಮನೆಯಲ್ಲಿಲ್ಲ ಅಕ್ಕ ಎಂದೆ. ಬೆಕ್ಕು ನನ್ನ ಕಾಲಿಗೆ ಮೈ ಉಜ್ಜುತ್ತಿತ್ತು. ಅವಳು ಕೆಳಗೆ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಸರಿ, ಇನ್ನೊಂದು ಸಲ ಬರುತ್ತೇನೆ ಎಂದು ಮೆಟ್ಟಿಲಿಳಿದು ಹೋದಳು. ಅವಳ ಫ್ರಿಜ್ಜಿನಲ್ಲಿ ಲಸಿಕೆ ತಣ್ಣಗೆ ಕುಳಿತೇ ಅವಧಿ ಮೀರಿತು. ಅವಳೇ ಸೀಸೆಗಳನ್ನು ಕುದಿಸಿ, ಹೂತು ಬಂದಳು.

ಹುಚ್ಚಿಗೆ ಹಾಕುವ ಸೂಜಿ ಬೇರೆ, ಅದು ಶಿಬಿರದ ದಿನವೂ ಬೇರೆ ಕಡೆಯಿಂದ ಐಸಿನಲ್ಲಿ ಬಂದಿತ್ತು, ಅದಕ್ಕೇನೂ ಆಗಿರಲಿಲ್ಲ, ವರ್ಷ ತುಂಬುತ್ತಿದೆ, ಅದನ್ನಾದರೂ ಹಾಕಿಸಿ ಎಂದು ಅವಳು ಎಷ್ಟು ಬಿಡಿಸಿ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜನರ ಪಾಲಿಗೆ ಸೂಜಿ ಅಂದರೆ ಸೂಜಿ. ಇಸ್ತ್ರಿಯವನ ಬಳಿ ಎರಡು ನಾಯಿ. ಅವನ ಗಾಡಿಯ ಮುಂದೆ ಅವಳು ಅರ್ಧ ಗಂಟೆ ನಿಂತಿದ್ದಳು. ಅವನು ತಮಾಷೆ ಮಾಡಲಿಲ್ಲ. ಮಡಚಿದ ಅಂಗಿಯನ್ನೇ ಮತ್ತೆ ಮತ್ತೆ ಮಡಚುತ್ತಾ, "ಬೇಡ ಅಕ್ಕ. ನಿಮ್ಮ ಕೈಯಿಂದ ಬೇಡ," ಎಂದ. ನನ್ನ ಕೈ ಬೇಡವಾದರೆ ಬೇರೆ ಆಸ್ಪತ್ರೆಯಲ್ಲಿ ಹಾಕಿಸು, ವಿಳಾಸ ಕೊಡುತ್ತೇನೆ ಎಂದಳು. ಅವನು ತಲೆಯಾಡಿಸಿದ. ಹೋಗಲಿಲ್ಲ. ಆ ಬೀದಿಯಲ್ಲಿ ಹಾಗೆ ತಲೆಯಾಡಿಸಿ ಹೋಗದವರು ನಾವು ಬಹಳ ಮಂದಿ.

ಮುಂದಿನ ಬೇಸಿಗೆಗೆ ಇಸ್ತ್ರಿಯವನ ಬಿಳಿ ನಾಯಿ ಗಾಡಿಯ ಕೆಳಗೆ ಸೇರಿಕೊಂಡು ಹೊರಗೆ ಬಾರದಾಯಿತು. ನೀರಿನ ಬಟ್ಟಲು ಹಾಗೇ ಇತ್ತು. ಎರಡನೆಯ ದಿನ ಅವನ ಹೆಂಡತಿ ಬಟ್ಟಲು ಸರಿಸಲು ಕೈ ಚಾಚಿದಾಗ ಮುಂಗೈಗೆ ಬಾಯಿ ಹಾಕಿ, ಹಾಗೆಯೇ ಬೀದಿಗೆ ಓಡಿತು. ಓಡಿದ ದಾರಿಯಲ್ಲಿ ಸಿಕ್ಕ ನಾಯಿಗಳನ್ನೆಲ್ಲ ಕಚ್ಚಿತು. ಸಂಜೆಗೆ ಮೋರಿಯ ಬಳಿ ಬಿದ್ದು ಸತ್ತಿತ್ತು.

ಕಚ್ಚಿದ ಸುದ್ದಿ ಕೇಳಿ ಮೊದಲು ಓಡಿ ಬಂದವಳು ಸೂಜಿಯಕ್ಕ. ಯಾರೋ ಗಾಯಕ್ಕೆ ಏನೋ ಮೆತ್ತಲು ಹೊರಟಿದ್ದರು. ಅವಳು ಅವರ ಕೈ ತಳ್ಳಿ, ಆ ಹೆಂಗಸನ್ನು ನಲ್ಲಿಯ ಕೆಳಗೆ ಎಳೆದು ಕೂರಿಸಿ, ಸೋಪು ಹಚ್ಚಿ ತೊಳೆದಳು, ಮತ್ತೆ ಹಚ್ಚಿ ತೊಳೆದಳು. ಕಾಲು ಗಂಟೆ ಬಿಡಲಿಲ್ಲ. ಆಮೇಲೆ ಸಿಕ್ಕ ಗಾಡಿಯಲ್ಲಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದು ಅವತ್ತೇ ಮೊದಲ ಸೂಜಿ ಹಾಕಿಸಿದಳು. ಉಳಿದ ದಿನಗಳಂದೂ ತಾನೇ ಹೋಗಿ ಬಾಗಿಲಲ್ಲಿ ನಿಂತು ಕರೆದೊಯ್ದಳು. ಇಸ್ತ್ರಿಯವನ ಹೆಂಡತಿ ಬದುಕಿದಳು. ಇಡೀ ಕಥೆಯಲ್ಲಿ ಒಳ್ಳೆಯದಾಗಿ ಮುಗಿದದ್ದು ಇದೊಂದೇ, ಇದನ್ನು ಬೀದಿಯಲ್ಲಿ ಯಾರೂ ಎತ್ತಿ ಆಡಲಿಲ್ಲ.

ಒಂದು ವಾರದಲ್ಲಿ ಆದೇಶ ಬಂತು. ಲಸಿಕೆಯ ಅವಧಿ ಮೀರಿದ, ಯಾರೂ ಜವಾಬ್ದಾರಿ ಹೊರದ ನಾಯಿಗಳನ್ನೆಲ್ಲ ಹಿಡಿದು ಒಯ್ಯಬೇಕು. ಒಯ್ದ ಮೇಲೆ ಏನು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಹೊಸದಾಗಿ ಬಂದಿದ್ದ ಡಾಕ್ಟರು ಅವಳ ದಾಖಲೆ ಕೇಳಿದರು. ನಮ್ಮ ಬೀದಿಯ ಇಷ್ಟೊಂದು ನಾಯಿಗಳಲ್ಲಿ ಸೂಜಿಯ ಅವಧಿ ಉಳಿದಿದ್ದವು ನಾಲ್ಕು. ಉಳಿದವನ್ನು ಸಾಕಿದವರು ಮನೆಯೊಳಗೆ ಕಟ್ಟಿ, ತಿಂಗಳುಗಟ್ಟಲೆ ಕಾವಲು ಕಾದು, ಸೂಜಿ ಹಾಕಿಸುತ್ತೇವೆ ಎಂದು ಬರೆದು ಕೊಟ್ಟರೆ ಬಿಡುತ್ತಿದ್ದರು. ಆದರೆ ಯಾವ ನಾಯಿಗೆ ಕಚ್ಚಿದೆ, ಯಾವುದಕ್ಕೆ ಇಲ್ಲ ಎಂದು ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಮಕ್ಕಳಿದ್ದರು. ಭಯ ಹೊಕ್ಕ ಮೇಲೆ ಮನುಷ್ಯ ಏನು ಮಾಡುತ್ತಾನೆ ಎಂಬುದನ್ನು ನಾನು ಆ ಬೆಳಿಗ್ಗೆ ಕಿಟಕಿಯಿಂದ ನೋಡಿದೆ. ಒಂದೊಂದೇ ಗೇಟು ಸದ್ದಿಲ್ಲದೆ ತೆರೆಯಿತು, ಒಂದೊಂದೇ ನಾಯಿ ಹೊರಗೆ ಬಂತು, ಗೇಟು ಮುಚ್ಚಿತು. ಕುತ್ತಿಗೆಯ ಪಟ್ಟಿ ಬಿಚ್ಚಿ ಕಳಿಸಿದ್ದರು. ನಾಯಿಗಳು ಆಟಕ್ಕೆ ಬಿಟ್ಟರು ಎಂದುಕೊಂಡು ಸ್ವಲ್ಪ ಹೊತ್ತು ಬೀದಿ ಸುತ್ತಿ, ಮತ್ತೆ ತಮ್ಮ ತಮ್ಮ ಗೇಟಿನ ಮುಂದೆ ಬಂದು ಕೂತವು. ನಿಮ್ಮದೇ ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ, ನಮ್ಮದಲ್ಲ.

ಹಿಡಿಯುವವರು ತಂತಿಯ ಕುಣಿಕೆ ಕಟ್ಟಿದ ಕೋಲು ಹಿಡಿದು ಬಂದಿದ್ದರು. ಮೊದಲು ಸಿಕ್ಕ ನಾಯಿಯ ಕುತ್ತಿಗೆ ತಂತಿಗೆ ಸೀಳಿ ರಕ್ತ ಬಂತು. ಉಳಿದವು ಚೆದುರಿದವು. ಆಗ ಹೊಸ ಡಾಕ್ಟರು ಸೂಜಿಯಕ್ಕನನ್ನು ಕರೆಸಿದರು. ನೀವು ಕರೆದರೆ ಬರುತ್ತವಂತೆ ಎಂದರು. ಆಗುವುದಿಲ್ಲ ಎಂದು ಅವಳು ಹೇಳಬಹುದಿತ್ತು. ಆದರೆ ಕುತ್ತಿಗೆ ಸೀಳಿದ ಆ ನಾಯಿಯನ್ನು ಅವಳು ನೋಡಿದ್ದಳು. ಹೇಗೂ ಹೋಗುವವು, ಹೆದರಿಕೊಂಡು ಹೋಗುವುದು ಬೇಡ ಎಂದುಕೊಂಡಳು.

ಅವಳು ಬೇಕರಿಯ ಎದುರಿನ ಕಲ್ಲಿನ ಮೇಲೆ ಕೂತು ಒಂದೊಂದನ್ನೇ ಹೆಸರು ಹಿಡಿದು ಕರೆದಳು. ಎಲ್ಲವುಗಳ ಹೆಸರೂ ಅವಳಿಗೆ ಗೊತ್ತಿತ್ತು, ಎಲ್ಲ ಕಾರ್ಡೂ ಅವಳೇ ಬರೆದದ್ದು. ಅವು ಬಾಲ ಅಲ್ಲಾಡಿಸುತ್ತಾ ಬಂದವು. ನಮ್ಮ ಎದುರು ಮನೆಯ ಮುದಿ ನಾಯಿ ಅವಳ ಮಂಡಿಯ ಮೇಲೆ ಗದ್ದವಿಟ್ಟು ನಿಂತಿತು. ಅವಳು ಕಿವಿಯ ಹಿಂದೆ ತುರಿಸಿ, ಬಾಯಿಗೆ ಪಟ್ಟಿ ಕಟ್ಟಿ, ಮೆತ್ತನೆಯ ಹಗ್ಗ ಹಾಕಿ, ತಾನೇ ನಡೆಸಿಕೊಂಡು ಹೋಗಿ ವ್ಯಾನಿಗೆ ಹತ್ತಿಸಿದಳು. ಎರಡು ದಿನದಲ್ಲಿ ಇಪ್ಪತ್ತಮೂರು. ಒಂದೂ ಅವಳನ್ನು ಕಚ್ಚಲಿಲ್ಲ. ನಾವೆಲ್ಲ ಕಿಟಕಿಯ ಹಿಂದೆ ಇದ್ದೆವು. ಅವಳು ಒಮ್ಮೆಯೂ ಯಾರ ಕಿಟಕಿಯತ್ತಲೂ ತಲೆ ಎತ್ತಲಿಲ್ಲ. ಎತ್ತಿದ್ದರೆ ನಾವು ಎಲ್ಲಿ ನೋಡಬೇಕಾಗುತ್ತಿತ್ತೋ.

ಮೂರನೆಯ ಬೆಳಿಗ್ಗೆ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಜ್ವರವಿರಲಿಲ್ಲ, ನೋವಿರಲಿಲ್ಲ. ಗಂಡ ಕೂತು ಕೇಳಿದರೆ, "ಅವು ಬಂದ್ವು ಕಣ್ರೀ, ಕರೆದ ತಕ್ಷಣ ಬಂದ್ವು," ಎಂದಷ್ಟೇ ಹೇಳಿದಳಂತೆ. ಅವನೇ ರಜೆಯ ಅರ್ಜಿ ಬರೆದು ಕೊಟ್ಟು ಬಂದ. ಆ ರಜೆ ಮುಗಿಯಲೇ ಇಲ್ಲ. ಮಳೆ ಹಿಡಿಯುವ ಮೊದಲು ಅವರು ಅಂಗಡಿ, ಮನೆ ಎರಡನ್ನೂ ಖಾಲಿ ಮಾಡಿದರು. ಸಾಮಾನು ಇಳಿಸಲು ನಾನು ಕೈ ಕೊಡಲು ಹೋಗಿದ್ದೆ. ಪೆನ್ನಿನ ಮಾತು ಹೇಳಿದ್ದು ಆಗಲೇ, ಮೆಟ್ಟಿಲ ಮೇಲೆ ಕೂತು. ನಾನು ಕ್ಷಮೆ ಕೇಳಬೇಕೆಂದಿದ್ದೆ. ಅವಳ ಮುಖ ನೋಡಿದ ಮೇಲೆ ಅದು ನನ್ನ ಭಾರ ಇಳಿಸಿಕೊಳ್ಳುವ ಉಪಾಯ ಅನ್ನಿಸಿ, ಪಾತ್ರೆಯ ಗಂಟು ಎತ್ತಿಕೊಂಡು ಕೆಳಗಿಳಿದೆ. ಆಸ್ಪತ್ರೆಯಲ್ಲಿ ಈಗ ವಾರಕ್ಕೆರಡು ದಿನ ಮಾತ್ರ ಬಾಗಿಲು ತೆರೆಯುತ್ತಾರೆ. ಬೀದಿಯಲ್ಲಿ ಹೊಸ ಮರಿಗಳು ಬಂದಿವೆ. ಯಾವುದಕ್ಕೆ ಸೂಜಿ ಆಗಿದೆ, ಯಾವುದಕ್ಕೆ ಇಲ್ಲ ಎಂದು ಹೇಳಬಲ್ಲವರು ಯಾರೂ ಇಲ್ಲ.

ಎರಡು ವರ್ಷದ ಮೇಲೆ ಪೇಟೆಯ ಆ ತುದಿಯಲ್ಲಿ ದರ್ಜಿ ಸಿಕ್ಕ. ಕಿರಿದಾದ ಅಂಗಡಿ, ಮೇಲೆ ಒಂದು ಕೋಣೆ. ನಾನು ಪರದೆಯ ಬಟ್ಟೆ ಕೊಟ್ಟು, ಅಕ್ಕ ಹೇಗಿದ್ದಾಳೆ ಎಂದು ಕೇಳಿದೆ. ಅವನು ಅಳತೆಯ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ, ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ, ಹೊರಗೆ ಹೋಗುವುದು ಕಡಿಮೆ ಎಂದ. ಪಟ್ಟಿಯನ್ನು ಬಿಚ್ಚುತ್ತಾ ಮತ್ತೆ ಹೇಳಿದ:

"ದಾರೀಲಿ ಯಾವ್ದಾದ್ರೂ ನಾಯಿ ಬಾಲ ಅಲ್ಲಾಡಿಸಿಕೊಂಡು ಹತ್ರ ಬಂದ್ರೆ ಅಲ್ಲೇ ನಿಂತುಬಿಡ್ತಾಳೆ. ಮುಂದೆ ಕಾಲು ಇಡಲ್ಲ. ಯಾರಾದ್ರೂ ಬಂದು ಹೇಳ್ತಾರೆ, ನಾನು ಹೋಗಿ ಕೈ ಹಿಡ್ಕೊಂಡು ಕರ್ಕೊಂಡು ಬರ್ತೀನಿ."

ಮೇಲೆ ಹೋಗಿ ಮಾತಾಡಿಸಲೇ ಎಂದು ಕೇಳಿದೆ. ಅವನು ಮೆಟ್ಟಿಲು ಹತ್ತಿ ಹೋದ. ಮೇಲಿನಿಂದ ಅವನ ಧ್ವನಿ ಒಂದೆರಡು ಸಲ ಕೇಳಿಸಿತು, ಅವಳದು ಕೇಳಿಸಲಿಲ್ಲ. ಇಳಿದು ಬಂದು ಇವತ್ತು ಬೇಡವಂತೆ ಎಂದ. ಪರದೆ ಯಾವಾಗ ಬೇಕು ಎಂದು ಕೇಳಿದ. ಯಾವಾಗಲಾದರೂ ಆಗಲಿ, ಅವಸರವಿಲ್ಲ ಎಂದು ಹೇಳಿ ಬಂದೆ.